ಗೋರಿಯ ಬಾಗಿಲು, ಊರಿನ ದಾರಿ: ಪ್ರಾಚೀನ ಈಜಿಪ್ಟಿನ ಸಾಹಸಕಥೆಗಳ ಚರಿತ್ರೆ

ಪ್ರಾಚೀನ ಈಜಿಪ್ಟನ್ನು ಹಿನ್ನೆಲೆಯಾಗಿಸಿಕೊಂಡ ಸಾಹಸ ಕಾದಂಬರಿ 19ನೆಯ ಶತಮಾನದ ಯುರೋಪಿನ ಕೂಸೆಂದು ಹೇಳುವುದು ವಾಡಿಕೆ. ನೆಪೋಲಿಯನ್ 1798ರಲ್ಲಿ ಈಜಿಪ್ಟಿನ ಮೇಲೆ ದಂಡೆತ್ತಿ ಹೋದಾಗ ಸೈನ್ಯದ ಜೊತೆಗೆ ವಿದ್ವಾಂಸರ ತಂಡವನ್ನೂ ಕರೆದೊಯ್ದನು. ಮರುವರ್ಷ ರೊಸೆಟ್ಟಾ ಪಟ್ಟಣದ ಬಳಿ ಒಂದೇ ಒಕ್ಕಣೆಯನ್ನು ಮೂರು ಲಿಪಿಗಳಲ್ಲಿ ಕೊರೆದಿದ್ದ ಶಿಲಾಶಾಸನ ಸಿಕ್ಕಿತು. ಅದರ ನೆರವಿನಿಂದ ಫ್ರಾನ್ಸಿನ ಶಾಂಪೋಲಿಯನ್ 1822ರಲ್ಲಿ ಚಿತ್ರಲಿಪಿಯನ್ನು ಓದುವ ಬಗೆಯನ್ನು ಕಂಡುಹಿಡಿದನು. ಆ ಬಳಿಕ ಗೋರಿ, ಮಮ್ಮಿ, ಶಾಪ, ನಿಧಿಗಳ ಕಥೆಗಳು ಪ್ಯಾರಿಸ್ ಮತ್ತು ಲಂಡನ್ನಿನ ಮುದ್ರಣಾಲಯಗಳಿಂದ ಸಾಲುಗಟ್ಟಿ ಹೊರಬಂದವೆಂಬುದು ನಿಜ. ಆದರೆ ಓದಲು ಸಾಧ್ಯವಾದ ಆ ಬರಹಗಳಲ್ಲಿ ರಾಜರ ವಂಶಾವಳಿ ಮತ್ತು ದೇವರ ಸ್ತೋತ್ರಗಳ ಜೊತೆಗೆ ಕಥೆಗಳೂ ಇದ್ದವು, ಅವುಗಳಲ್ಲಿ ಕೆಲವು ಅಪ್ಪಟ ಸಾಹಸಕಥೆಗಳೇ ಆಗಿದ್ದವು. ಹೀಗಾಗಿ ಈ ಪ್ರಕಾರದ ಚರಿತ್ರೆಯನ್ನು ಈಜಿಪ್ಟಿನವರಿಂದಲೇ ಆರಂಭಿಸಬೇಕು. ಅದು ಓದುಗರನ್ನು ಇಂದಿಗೂ ಹಿಡಿದಿಡುವ ಕಾರಣವನ್ನೂ ಆ ಮೂಲಕಥೆಗಳಲ್ಲಿಯೇ ಅರಸಬೇಕು.

ಆ ಕಥೆಗಳು ಉಳಿದು ಬಂದದ್ದು ಪಪೈರಸ್ ಸುರುಳಿಗಳಲ್ಲಿ. ನೈಲ್ ನದಿಯ ಜೌಗಿನಲ್ಲಿ ಬೆಳೆಯುವ ಜೊಂಡಿನ ತಿರುಳನ್ನು ಸೀಳುಗಳಾಗಿ ಕತ್ತರಿಸಿ, ಒಂದರ ಮೇಲೊಂದು ಅಡ್ಡ ಮತ್ತು ಉದ್ದ ಹಾಸಿ, ಒತ್ತಿ ಒಣಗಿಸಿದ ಹಾಳೆಗೆ ಪಪೈರಸ್ ಎಂದು ಹೆಸರು. ಮರುಭೂಮಿಯ ಒಣಹವೆಯಲ್ಲಿ ಅದು ಸಾವಿರಾರು ವರ್ಷ ಕೆಡದೆ ಉಳಿಯುತ್ತದೆ. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಒಂದು ಸುರುಳಿಯಲ್ಲಿ, ಮೂರನೆಯ ಥುಟ್ಮೋಸ್ ಅರಸನ ಸೇನಾಪತಿಯೊಬ್ಬನು ಇನ್ನೂರು ಬುಟ್ಟಿಗಳೊಳಗೆ ಸೈನಿಕರನ್ನು ಅಡಗಿಸಿ, ಕಾಣಿಕೆಯೆಂಬ ನೆವದಲ್ಲಿ ಜೊಪ್ಪಾ ಕೋಟೆಯೊಳಗೆ ಸಾಗಿಸಿ ಊರನ್ನು ಗೆದ್ದ ಕಥೆಯಿದೆ. ಹಡಗೊಡೆದು ದ್ವೀಪ ಸೇರಿದ ನಾವಿಕನಿಗೆ ಮೂವತ್ತು ಮೊಳದ, ಮೈಯೆಲ್ಲ ಚಿನ್ನದ ಹೊದಿಕೆಯ ಸರ್ಪವೊಂದು ಎದುರಾಗಿ, ಅವನನ್ನು ಕೊಲ್ಲದೆ ತನ್ನ ದುಃಖವನ್ನೇ ತೋಡಿಕೊಳ್ಳುವ ಕಥೆ ಅದಕ್ಕಿಂತಲೂ ಹಳೆಯದು.

ಗೋರಿ ಹೊಕ್ಕು ಶಾಪಕ್ಕೆ ತುತ್ತಾಗುವ ಕಥಾವಸ್ತು ಕೂಡ ಯುರೋಪಿನ ಲೇಖಕರ ಕಲ್ಪನೆಯಲ್ಲ. ಗ್ರೀಕ್ ಮೂಲದ ಟಾಲೆಮಿ ವಂಶದವರು ಈಜಿಪ್ಟನ್ನು ಆಳುತ್ತಿದ್ದ ಕಾಲದ ಒಂದು ಸುರುಳಿಯಲ್ಲಿ ಸೆತ್ನೆ ಎಂಬ ರಾಜಕುಮಾರನ ಕಥೆಯಿದೆ. ಇವನು ಎರಡನೆಯ ರಾಮ್ಸೆಸನ ಮಗನಾದ ಖೆಮ್ವಾಸೆತ್ ಎಂಬ ಐತಿಹಾಸಿಕ ವ್ಯಕ್ತಿಯ ಕಥಾರೂಪ. ಆ ನಿಜವಾದ ಖೆಮ್ವಾಸೆತ್ ಮೆಂಫಿಸ್ ನಗರದಲ್ಲಿ ಪ್ತಾಹ್ ದೇವರ ಮಹಾಪುರೋಹಿತನಾಗಿದ್ದು, ತನಗಿಂತ ಸಾವಿರಕ್ಕೂ ಹೆಚ್ಚು ವರ್ಷ ಹಿಂದಿನ ಪಿರಮಿಡ್ಡುಗಳನ್ನು ಜೀರ್ಣೋದ್ಧಾರ ಮಾಡಿಸಿ, ಅವು ಯಾವ ಯಾವ ಅರಸರವೆಂದು ಶಾಸನ ಬರೆಸಿದವನು. ಕಥೆಯ ಸೆತ್ನೆ, ವಿದ್ಯೆಯ ದೇವರಾದ ಥೋತ್ ಸ್ವಹಸ್ತದಿಂದ ಬರೆದ ಮಂತ್ರಗ್ರಂಥವನ್ನು ಬಯಸಿ, ಅದನ್ನು ತನ್ನೊಡನೆ ಇರಿಸಿಕೊಂಡು ಸಮಾಧಿಯಾಗಿದ್ದ ನನೆಫರ್ಕಪ್ತಾಹ್ ಎಂಬ ಪುರಾತನ ರಾಜಕುಮಾರನ ಗೋರಿಯೊಳಗೆ ಇಳಿಯುತ್ತಾನೆ. ಅಲ್ಲಿ ಸತ್ತವನ ಹೆಂಡತಿಯ ಆತ್ಮ ಎದ್ದು ಕುಳಿತು ಹಿಂದಿನದನ್ನೆಲ್ಲ ಹೇಳುತ್ತದೆ. ನದಿಯ ನಡುವೆ ಒಂದರೊಳಗೊಂದು ಇಟ್ಟ ಪೆಟ್ಟಿಗೆಗಳಲ್ಲಿ, ಎಲ್ಲಕ್ಕಿಂತ ಒಳಗಿನ ಚಿನ್ನದ ಪೆಟ್ಟಿಗೆಯಲ್ಲಿ ಗ್ರಂಥವಿತ್ತು; ಸಾವಿಲ್ಲದ ಹಾವೊಂದು ಅದನ್ನು ಕಾಯುತ್ತಿತ್ತು; ಎರಡು ಸಲ ಕೊಂದರೂ ಬದುಕಿ ಬಂದ ಆ ಹಾವನ್ನು ಮೂರನೆಯ ಸಲ ತುಂಡರಿಸಿ, ತುಂಡುಗಳು ಕೂಡಿಕೊಳ್ಳದಂತೆ ನಡುವೆ ಮರಳು ಸುರಿದು ನನೆಫರ್ಕಪ್ತಾಹ್ ಗ್ರಂಥವನ್ನು ಪಡೆದಿದ್ದನು; ಅದಕ್ಕೆ ದಂಡವಾಗಿ ಅವನ ಮಗ, ಹೆಂಡತಿ, ಕೊನೆಗೆ ಅವನೂ ನೈಲ್ ನದಿಯ ಪಾಲಾದರು. ಇಷ್ಟು ಕೇಳಿಯೂ ಸೆತ್ನೆ ಮಣಿಯದಿದ್ದಾಗ, ಸತ್ತವನು ಅವನೊಡನೆ ಪಗಡೆಯಂಥ ಹಲಗೆಯಾಟಕ್ಕೆ ಕೂರುತ್ತಾನೆ. ಒಂದೊಂದು ಆಟ ಸೋತಂತೆಲ್ಲ ಸೆತ್ನೆ ನೆಲದೊಳಗೆ ಹೂತುಹೋಗುತ್ತಾ, ಕಿವಿಯವರೆಗೆ ಮುಳುಗಿದ ಮೇಲೆ ತಾಯಿತಗಳ ಬಲದಿಂದ ಮೇಲೆದ್ದು ಗ್ರಂಥವನ್ನು ಕಸಿದೊಯ್ಯುತ್ತಾನೆ. ಮುಂದೆ ಒಬ್ಬ ಸುಂದರಿಯ ಮಾಯೆಯಲ್ಲಿ ಮಾನ ಕಳೆದುಕೊಂಡು, ಗ್ರಂಥವನ್ನು ಹಿಂದಿರುಗಿಸಿ, ಬೇರೆ ಊರಿನಲ್ಲಿ ಹೂಳಲ್ಪಟ್ಟಿದ್ದ ಆ ಹೆಂಡತಿ ಮತ್ತು ಮಗನ ಶವಗಳನ್ನು ಹುಡುಕಿ ತಂದು ನನೆಫರ್ಕಪ್ತಾಹನ ಪಕ್ಕದಲ್ಲಿ ಸೇರಿಸಿದ ಬಳಿಕವೇ ಸೆತ್ನೆಯ ಋಣ ತೀರುತ್ತದೆ. ಇಂದಿನ ಮಮ್ಮಿ ಕಥೆಗಳ ಪರಿಕರವೆಲ್ಲ ಇಲ್ಲಿದೆ, ಅವುಗಳಲ್ಲಿ ಕಾಣದ ಒಂದು ಕರುಣೆಯೂ ಇದೆ: ಇಲ್ಲಿನ ಸತ್ತವನು ಭೂತವಲ್ಲ, ಹೆಂಡತಿ ಮಕ್ಕಳಿಂದ ಅಗಲಿದ ಗೃಹಸ್ಥ.

ಕಥೆಗಳಾಚೆ, ನಿಜವಾದ ಗೋರಿಗಳ್ಳರ ಹೇಳಿಕೆಗಳೂ ಉಳಿದಿವೆ. ಒಂಬತ್ತನೆಯ ರಾಮ್ಸೆಸನ ಆಳ್ವಿಕೆಯ 16ನೆಯ ವರ್ಷದಲ್ಲಿ, ಅಂದರೆ ಕ್ರಿ.ಪೂ. 1100ರ ಆಸುಪಾಸಿನಲ್ಲಿ, ಥೀಬ್ಸ್ ನಗರದ ಅಮುನ್‌ಪನೆಫರ್ ಎಂಬ ಕಲ್ಲುಕುಟಿಗನು ವಿಚಾರಣೆಯಲ್ಲಿ ಒಪ್ಪಿಕೊಂಡ ಪ್ರಕಾರ, ಅವನ ತಂಡ ಸೊಬೆಕೆಮ್‌ಸಾಫ್ ಎಂಬ ಅರಸನ ಗೋರಿಗೆ ಕನ್ನ ಹಾಕಿ, ಅರಸ ಮತ್ತು ಅರಸಿಯ ಮೈಮೇಲಿನ ಚಿನ್ನವನ್ನು ಸುಲಿದು, ಶವಪೆಟ್ಟಿಗೆಗಳಿಗೆ ಬೆಂಕಿಯಿಟ್ಟು, 160 ದೆಬೆನ್ ಚಿನ್ನವನ್ನು ಎಂಟು ಜನ ತಲಾ 20 ದೆಬೆನ್ನಿನಂತೆ ಹಂಚಿಕೊಂಡಿತು. ದೆಬೆನ್ ಎಂಬುದು ಸುಮಾರು 91 ಗ್ರಾಂ ತೂಕದ ಅಳತೆ. ಸಿಕ್ಕಿಬಿದ್ದ ಆತ ತನ್ನ ಪಾಲನ್ನು ಅಧಿಕಾರಿಯೊಬ್ಬನಿಗೆ ಲಂಚ ಕೊಟ್ಟು ಬಿಡಿಸಿಕೊಂಡು ಬಂದಾಗ, ಸಂಗಡಿಗರು ತಮ್ಮ ತಮ್ಮ ಪಾಲಿನಿಂದ ಅವನ ನಷ್ಟವನ್ನು ತುಂಬಿಕೊಟ್ಟರೆಂಬ ವಿವರ ಆ ದಾಖಲೆಯಲ್ಲಿದೆ. ಸಾಹಸ ಕಾದಂಬರಿಕಾರನಿಗೆ ಇದಕ್ಕಿಂತ ಜೀವಂತವಾದ ಸಾಮಗ್ರಿ ಸಿಗುವುದು ಕಷ್ಟ.

ಈ ಎಲ್ಲಕ್ಕಿಂತ ಮಿಗಿಲಾದುದು ಸಿನುಹೆಯ ಕಥೆ. ಕ್ರಿ.ಪೂ. 20ನೆಯ ಶತಮಾನದಲ್ಲಿ ಮೊದಲನೆಯ ಅಮೆನೆಮ್ಹೆತ್ ಅರಸನು ಸತ್ತ ಸುದ್ದಿ ದಂಡಿನ ಬೀಡಿನಲ್ಲಿ ಕಿವಿಗೆ ಬಿದ್ದೊಡನೆ, ಆಸ್ಥಾನದ ಸೇವಕನಾದ ಸಿನುಹೆ ತನಗೇ ತಿಳಿಯದ ಭಯಕ್ಕೆ ಸಿಕ್ಕಿ ಓಡಿಹೋಗುತ್ತಾನೆ. ಚುಕ್ಕಾಣಿಯಿಲ್ಲದ ದೋಣಿಯಲ್ಲಿ ನದಿ ದಾಟಿ, ಗಡಿಯ ಕಾವಲುಗೋಡೆಯನ್ನು ರಾತ್ರಿಯಲ್ಲಿ ಹಾದು, ಬಾಯಾರಿ ಸಾಯುವ ಹೊತ್ತಿಗೆ ಅಲೆಮಾರಿಗಳು ಕೊಟ್ಟ ನೀರು ಮತ್ತು ಕಾಯಿಸಿದ ಹಾಲಿನಿಂದ ಬದುಕಿ, ಸಿರಿಯಾ ಸೀಮೆಯ ಒಡೆಯನೊಬ್ಬನ ಹಿರಿಯ ಮಗಳನ್ನು ಮದುವೆಯಾಗಿ, ತನ್ನನ್ನು ಕೆಣಕಿದ ಜಟ್ಟಿಯನ್ನು ಬಾಣದಿಂದ ಕೆಡವಿ, ಅವನದೇ ಕೊಡಲಿಯಿಂದ ಕೊಂದು ಕೀರ್ತಿವಂತನಾಗುತ್ತಾನೆ. ಬೇರೆ ದೇಶದ ಕಥೆಯಾಗಿದ್ದರೆ ಇಲ್ಲಿಗೆ ಮುಗಿಯುತ್ತಿತ್ತು. ಈಜಿಪ್ಟಿನ ಈ ಕಥೆಗಾರನಾದರೋ ಗೆಲುವಿನ ನಡುವೆಯೇ ಸಿನುಹೆಯನ್ನು ಕೊರಗಿಸುತ್ತಾನೆ, ಏಕೆಂದರೆ ಹುಟ್ಟಿದ ಮಣ್ಣಿನಲ್ಲಿ ಹೂಳಲ್ಪಡದವನಿಗೆ ಸಾವಿನಾಚೆ ನೆಲೆಯಿಲ್ಲವೆಂಬುದು ಆ ಜನರ ನಂಬಿಕೆ. ಮುಪ್ಪಿನಲ್ಲಿ ಹೊಸ ಅರಸನ ಕರೆಯೋಲೆ ಬಂದು, ಸಿನುಹೆ ಊರು ಸೇರಿ, ಕ್ಷೌರ ಮಾಡಿಸಿಕೊಂಡು, ಮಂಚದ ಮೇಲೆ ಮಲಗಿ, ಪಿರಮಿಡ್ಡುಗಳ ನಡುವೆ ತನಗಾಗಿ ಕಟ್ಟಿಸಿದ ಗೋರಿಯನ್ನು ಕಂಡು ನೆಮ್ಮದಿ ಪಡೆಯುತ್ತಾನೆ. ಇದನ್ನು ಬರೆದು ನೂರಾರು ವರ್ಷ ಕಳೆದ ಮೇಲೂ ಲಿಪಿಕಾರರ ಶಾಲೆಯ ಹುಡುಗರು ಸುಣ್ಣಕಲ್ಲಿನ ಚಕ್ಕೆಗಳ ಮೇಲೆ ಇದೇ ಕಥೆಯನ್ನು ನಕಲು ಮಾಡಿ ಕಲಿಯುತ್ತಿದ್ದರು.

ಈಜಿಪ್ಟಿನ ಮರಳಿನಡಿ ಸಿಕ್ಕ ಸಾಹಸಕಥೆಗಳಲ್ಲಿ ಒಂದು ಕನ್ನಡನಾಡಿಗೂ ತಾಗಿಕೊಂಡಿದೆ. ಗ್ರೆನ್ಫೆಲ್ ಮತ್ತು ಹಂಟ್ ಎಂಬ ವಿದ್ವಾಂಸರು ಆಕ್ಸಿರಿಂಕಸ್ ಎಂಬ ಹಾಳೂರಿನ ಕಸದ ದಿಬ್ಬಗಳಲ್ಲಿ ಅಗೆದು ತೆಗೆದು, 1903ರಲ್ಲಿ ಪ್ರಕಟಿಸಿದ ಕ್ರಿ.ಶ. 2ನೆಯ ಶತಮಾನದ ಗ್ರೀಕ್ ಪ್ರಹಸನವೊಂದರಲ್ಲಿ, ಭಾರತದ ಕಡಲ ತೀರದ ದೇವಾಲಯವೊಂದರಲ್ಲಿ ಸೆರೆಯಾಗಿದ್ದ ಚಾರಿಶನ್ ಎಂಬ ಗ್ರೀಕ್ ಹೆಣ್ಣನ್ನು, ಅವಳ ಅಣ್ಣನ ತಂಡ ಅಲ್ಲಿನ ಅರಸ ಮತ್ತು ಅವನ ಪರಿವಾರಕ್ಕೆ ಮದ್ಯ ಕುಡಿಸಿ ಬಿಡಿಸಿಕೊಂಡು ಹೋಗುತ್ತದೆ. ಭಾರತೀಯ ಪಾತ್ರಗಳಾಡುವ ಗ್ರೀಕೇತರ ಮಾತುಗಳು ಕನ್ನಡವಿರಬಹುದೆಂದು ಹುಲ್ಷ್ ಎಂಬ ವಿದ್ವಾಂಸರು 1904ರಲ್ಲಿ ವಾದಿಸಿದರು. ತುಳುವೆಂದವರೂ, ಬರಿಯ ಅರ್ಥಹೀನ ಗದ್ದಲವೆಂದವರೂ ಇದ್ದಾರೆ. ಚರ್ಚೆ ಮುಗಿಯದಿದ್ದರೂ, ನೈಲ್ ದಂಡೆಯ ಪ್ರೇಕ್ಷಕರಿಗೆ ನಮ್ಮ ಕಡಲ ಕರೆ ಸಾಹಸದ ದೂರದೇಶವಾಗಿ ಕಂಡಿತ್ತೆಂಬುದು ಗಮನಿಸತಕ್ಕ ಸಂಗತಿ.

ಯುರೋಪಿನ ಕಾದಂಬರಿಕಾರರಲ್ಲಿ ಫ್ರಾನ್ಸಿನ ಗೋತಿಯೆ 1858ರ ತನ್ನ ಮಮ್ಮಿ ಕಾದಂಬರಿಯಲ್ಲಿ ಮುಂದೆ ಬಹುಕಾಲ ನಡೆದ ಒಂದು ತಂತ್ರವನ್ನು ಬಳಸಿದನು: ಒಬ್ಬ ಇಂಗ್ಲಿಷ್ ಶ್ರೀಮಂತ ಮತ್ತು ಒಬ್ಬ ಜರ್ಮನ್ ಪಂಡಿತ ಗೋರಿಯನ್ನು ತೆರೆದಾಗ ಸುಂದರಿಯ ಶವದ ಜೊತೆಗೆ ಸುರುಳಿಯೊಂದು ಸಿಗುತ್ತದೆ, ಆ ಸುರುಳಿಯೇ ಕಥೆ. ಆ ಪುಸ್ತಕ ಬರೆಯುವಾಗ ಗೋತಿಯೆ ಈಜಿಪ್ಟನ್ನು ಕಂಡವನಲ್ಲ. ಅವನು ಅಲ್ಲಿಗೆ ಹೋದದ್ದು 1869ರಲ್ಲಿ, ಸೂಯೆಜ್ ಕಾಲುವೆ ತೆರೆದಾಗ. ಹ್ಯಾಗಾರ್ಡನ 1889ರ ಕ್ಲಿಯೋಪಾತ್ರ ಕಾದಂಬರಿಯೂ, ವಿಲ್ಬರ್ ಸ್ಮಿತ್‌ನ 1993ರ ರಿವರ್ ಗಾಡ್ ಕೂಡ ಗೋರಿಯಲ್ಲಿ ಸಿಕ್ಕ ಸುರುಳಿಯೆಂಬ ಈ ನೆವವನ್ನೇ ಹಿಡಿದವು. ಜರ್ಮನಿಯ ಗೇಯೋರ್ಗ್ ಎಬರ್ಸ್ ಮಾತ್ರ ನಿಜವಾಗಿಯೂ ಸುರುಳಿ ತಂದವನು; 1864ರಲ್ಲಿಯೇ ಈಜಿಪ್ಟಿನ ರಾಜಕುಮಾರಿಯೊಬ್ಬಳ ಕಾದಂಬರಿ ಬರೆದಿದ್ದ ಈ ಪ್ರಾಧ್ಯಾಪಕ, ಸುಮಾರು 20 ಮೀಟರು ಉದ್ದದ, ಇಂದು ಅವನ ಹೆಸರಿನಿಂದಲೇ ಕರೆಯಲ್ಪಡುವ ವೈದ್ಯಗ್ರಂಥದ ಪಪೈರಸ್ಸನ್ನು ಲಕ್ಸರ್ ಊರಿನಲ್ಲಿ ಕೊಂಡು 1875ರಲ್ಲಿ ಪ್ರಕಟಿಸಿದನು.

ಪೋಲೆಂಡಿನ ಬೊಲೆಸ್ಲಾವ್ ಪ್ರೂಸ್ ಈ ಪ್ರಕಾರಕ್ಕೆ ಹೊಸ ತೂಕ ತಂದನು. ರಷ್ಯಾದ ಅಧೀನದಲ್ಲಿದ್ದ ವಾರ್ಸಾದಲ್ಲಿ 1895ರಿಂದ ಧಾರಾವಾಹಿಯಾಗಿ ಬಂದು 1897ರಲ್ಲಿ ಪುಸ್ತಕವಾದ ಅವನ ‘ಫೇರೋ’ ಕಾದಂಬರಿಯಲ್ಲಿ, ಹದಿಮೂರನೆಯ ರಾಮ್ಸೆಸ್ ಎಂಬ ಕಲ್ಪಿತ ಅರಸನು ದೇವಾಲಯದ ಭಂಡಾರವನ್ನು ಪ್ರಜೆಗಳಿಗಾಗಿ ತೆರೆಯಲು ಹೊರಟು ಪುರೋಹಿತರೊಡನೆ ಸೆಣಸುತ್ತಾನೆ. ಜನ ದೇವಾಲಯದ ಬಾಗಿಲು ಒಡೆಯುತ್ತಿರುವ ಹೊತ್ತಿನಲ್ಲಿ ಮಹಾಪುರೋಹಿತ ಹೆರ್ಹೋರ್ ಕೈಯೆತ್ತಿ ದೇವರನ್ನು ಕರೆಯುತ್ತಾನೆ, ಒಡನೆ ಸೂರ್ಯ ಕಪ್ಪಾಗುತ್ತಾನೆ. ಗ್ರಹಣದ ಗಣಿತ ಪುರೋಹಿತರಿಗೆ ಮೊದಲೇ ತಿಳಿದಿತ್ತು, ಜನರಿಗೆ ತಿಳಿದಿರಲಿಲ್ಲ. ಪ್ರೂಸ್ 1887ರ ಆಗಸ್ಟ್ 19ರಂದು ಮ್ವಾವಾ ಎಂಬ ಊರಿನಲ್ಲಿ ಪೂರ್ಣ ಸೂರ್ಯಗ್ರಹಣವನ್ನೂ ಅದನ್ನು ನೋಡಲು ನೆರೆದ ಜನರನ್ನೂ ಕಣ್ಣಾರೆ ಕಂಡಿದ್ದನು. ಆಯುಧಕ್ಕಿಂತ ಅರಿವು ಹೆಚ್ಚು ಬಲಶಾಲಿಯಾಗುವ ಈ ಒಂದು ದೃಶ್ಯದ ಮುಂದೆ ನೂರು ಮಮ್ಮಿಗಳ ಶಾಪವೂ ಸಪ್ಪೆ.

ಹೋವರ್ಡ್ ಕಾರ್ಟರ್ 1922ರ ನವೆಂಬರಿನಲ್ಲಿ ಟುಟಾಂಖಾಮುನ್ ಗೋರಿಯನ್ನು ಕಂಡು, ಅವನ ಪೋಷಕ ಲಾರ್ಡ್ ಕಾರ್ನಾರ್ವನ್ 1923ರ ಏಪ್ರಿಲ್ಲಿನಲ್ಲಿ ತೀರಿಕೊಂಡಾಗ, ಪತ್ರಿಕೆಗಳು ಶಾಪದ ಕಥೆಯನ್ನು ಜಗತ್ತಿಗೆಲ್ಲ ಹರಡಿದವು. ಅದೇ ವರ್ಷಗಳಲ್ಲಿ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಮ್ಮಿನವರಿಗೆ ಥೀಬ್ಸ್ ಬಳಿ ಹೆಕನಖ್ತ್ ಎಂಬ ಸಾಮಾನ್ಯ ಗೃಹಸ್ಥನ ಪತ್ರಗಳು ಸಿಕ್ಕವು. ಮನೆಯವರಲ್ಲಿ ಯಾರಿಗೆ ಎಷ್ಟು ಧಾನ್ಯ ಅಳೆಯಬೇಕು, ತಾನು ತಂದುಕೊಂಡ ಹೊಸ ಹೆಣ್ಣನ್ನು ಪೀಡಿಸುವ ಆಳನ್ನು ಹೊರಹಾಕಬೇಕು ಎಂದೆಲ್ಲ ಆತ ದೂರದಿಂದ ಬರೆದಿದ್ದ ಈ ಕಾಗದಗಳಿಂದ ಅಗಾಥಾ ಕ್ರಿಸ್ಟಿ 1944ರಲ್ಲಿ ಪ್ರಕಟವಾದ ಕೊಲೆಯ ಕಾದಂಬರಿಯೊಂದನ್ನು ಕಟ್ಟಿದಳು. ಪಿರಮಿಡ್ಡಿನ ದೇಶದಲ್ಲಿಯೂ ಅತ್ತೆ ಸೊಸೆಯರ, ಅಣ್ಣತಮ್ಮಂದಿರ ಮನೆಯೊಂದಿತ್ತೆಂಬ ಅರಿವು ಓದುಗನಿಗೆ ಶಾಪದ ರೋಮಾಂಚನಕ್ಕಿಂತ ಹೆಚ್ಚು ದಿನ ಉಳಿಯುತ್ತದೆ.

ಈಜಿಪ್ಟಿನವರೇ ಈ ಕಥೆಗಳನ್ನು ಮರಳಿ ಕೈಗೆತ್ತಿಕೊಂಡದ್ದು ನಗೀಬ್ ಮಹಫೂಜ್‌ನ ಮೂಲಕ. ಪ್ರಾಚೀನ ಈಜಿಪ್ಟನ್ನು ಕುರಿತ ಇಂಗ್ಲಿಷ್ ಪುಸ್ತಕವೊಂದನ್ನು 1932ರಲ್ಲಿ ಅರಬ್ಬಿಗೆ ಅನುವಾದಿಸಿದ್ದ ಈ ಯುವಕ, 1939ರಲ್ಲಿ ತನ್ನ ಮೊದಲ ಕಾದಂಬರಿಯನ್ನು ಬರ್ಲಿನ್ನಿನಲ್ಲಿರುವ ಒಂದು ಪಪೈರಸ್ಸಿನ ಕಥೆಯ ಮೇಲೆಯೇ ಕಟ್ಟಿದನು: ಖುಫು ಅರಸನಿಗೆ ಮಾಂತ್ರಿಕನೊಬ್ಬನು, ಸಿಂಹಾಸನ ಅರಸನ ವಂಶಕ್ಕೆ ಉಳಿಯದೆ ಸೂರ್ಯದೇವನ ಪುರೋಹಿತನ ಮನೆಯ ಕೂಸಿಗೆ ದಕ್ಕುವುದೆಂದು ಕಣಿ ಹೇಳುತ್ತಾನೆ. 1944ರ ‘ಥೀಬ್ಸಿನ ಹೋರಾಟ’ ಕಾದಂಬರಿಯಲ್ಲಿ ಹಿಕ್ಸೋಸರನ್ನು, ಅಂದರೆ ಏಷ್ಯಾದ ಕಡೆಯಿಂದ ಬಂದು ಉತ್ತರ ಈಜಿಪ್ಟನ್ನು ಆಳಿದ ಪರಕೀಯರನ್ನು, ಅಹ್ಮೋಸ್ ಅರಸನು ಹೊರಗಟ್ಟುತ್ತಾನೆ. ಬ್ರಿಟಿಷ್ ಸೈನ್ಯ ಇನ್ನೂ ಬೀಡುಬಿಟ್ಟಿದ್ದ ದೇಶದಲ್ಲಿ ಅದರ ಅರ್ಥವನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಮರುವರ್ಷ, ಮಹಾಯುದ್ಧ ಮುಗಿದ 1945ರಲ್ಲಿ, ಫಿನ್ಲೆಂಡಿನ ಮಿಕಾ ವಾಲ್ತಾರಿ ಸಿನುಹೆಯ ಹೆಸರನ್ನು ಮತ್ತೆ ಲೋಕಕ್ಕೆ ಕೊಟ್ಟನು. ಅವನ ಸಿನುಹೆ ತಲೆಬುರುಡೆ ತೆರೆದು ಚಿಕಿತ್ಸೆ ಮಾಡುವ ವೈದ್ಯ; ಏಕದೇವನನ್ನು ಸಾರಿದ ಅಖೆನಾತೆನ್ ಅರಸನ ಏಳುಬೀಳುಗಳನ್ನು ಕಂಡವನು; ಬ್ಯಾಬಿಲೋನಿನಿಂದ ಕ್ರೀಟಿನವರೆಗೆ ತಿರುಗಿದವನು. ಹಳೆಯ ಸಿನುಹೆ ಊರಿಗೆ ಮರಳಿ ಮಣ್ಣು ಸೇರುವ ಭಾಗ್ಯ ಪಡೆದರೆ, ವಾಲ್ತಾರಿಯ ಸಿನುಹೆ ಗಡೀಪಾರಾಗಿ, ಕೆಂಪು ಸಮುದ್ರದ ಕರೆಯಲ್ಲಿ ಒಂಟಿಯಾಗಿ ಕುಳಿತು, ತನಗಾಗಿ ಮಾತ್ರವೇ ಎಂದು ಹೇಳಿಕೊಂಡು ಈ ಕಥೆಯನ್ನು ಬರೆಯುತ್ತಾನೆ. ಫಿನ್ಲೆಂಡಿನ ಕರೇಲಿಯಾ ಸೀಮೆ ಸೋವಿಯತ್ ಒಕ್ಕೂಟದ ಪಾಲಾಗಿ 4 ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟಿದ್ದ ಕಾಲದ ಪುಸ್ತಕವಿದು. ಊರಿಗೆ ಮರಳುವ ಹಳೆಯ ಮುಕ್ತಾಯವನ್ನು ಆಗ ಪ್ರಾಮಾಣಿಕವಾಗಿ ಬರೆಯಲಾಗುತ್ತಿರಲಿಲ್ಲ. ಇಂಗ್ಲಿಷ್ ಅನುವಾದ 1949ರಲ್ಲಿ ಅಮೆರಿಕದಲ್ಲಿ ಭಾರಿ ಸಂಖ್ಯೆಯಲ್ಲಿ ಮಾರಾಟವಾಯಿತು, 1954ರಲ್ಲಿ ಹಾಲಿವುಡ್ ಅದನ್ನು ಚಿತ್ರ ಮಾಡಿತು.

ಮಹಫೂಜ್ ನೊಬೆಲ್ ಪಡೆಯುವುದಕ್ಕೆ ಮೂರು ವರ್ಷ ಮೊದಲು, 1985ರಲ್ಲಿ, ಅದೇ ಅಖೆನಾತೆನ್ ವಸ್ತುವಿಗೆ ಬಂದನು. ಅವನ ಕಾದಂಬರಿಯಲ್ಲಿ ಯುದ್ಧವಿಲ್ಲ, ನಿಧಿಯಿಲ್ಲ. ಮೆರಿಯಾಮುನ್ ಎಂಬ ಯುವಕನು ಪಾಳುಬಿದ್ದ ರಾಜಧಾನಿಯನ್ನು ನದಿಯಿಂದ ಕಂಡು, ಸತ್ತ ಅರಸನನ್ನು ಬಲ್ಲವರೆಲ್ಲರ ಬಳಿಗೆ, ಅಮುನ್ ದೇವರ ಮಹಾಪುರೋಹಿತನಿಂದ ಹಿಡಿದು ರಾಣಿ ನೆಫೆರ್ತೀತಿಯವರೆಗೆ, ಹೋಗಿ ಒಬ್ಬೊಬ್ಬರ ಹೇಳಿಕೆಯನ್ನೂ ಬರೆದುಕೊಳ್ಳುತ್ತಾನೆ. ಒಬ್ಬರಿಗೆ ಆ ಅರಸ ದ್ರೋಹಿ, ಮತ್ತೊಬ್ಬರಿಗೆ ಸಂತ; ಹೇಳಿಕೆಗಳು ಒಂದಕ್ಕೊಂದು ಹೊಂದುವುದಿಲ್ಲ, ಕಾದಂಬರಿಕಾರನೂ ತೀರ್ಪು ಕೊಡುವುದಿಲ್ಲ.