ಹರಿಗೋಲಿನ ಹೊದಿಕೆ

ಹಿಂದೂಪುರ, ಕಲ್ಯಾಣದುರ್ಗದ ಕಡೆಯ ನಮ್ಮ ಮಕ್ಕಳಿಗೆ ಪೆನ್ನಾರ್ ಎಂದರೆ ಹೆಚ್ಚಾಗಿ ಮರಳೇ. ಹರಿಗೋಲಿನ ಮಾತು ಬಂದಾಗ ಒಬ್ಬಳು, 'ಬುಟ್ಟಿಯೊಳಗೆ ನೀರು ನುಗ್ಗಲ್ವಾ ಸಾರ್?' ಎಂದಳು. (ತೆಲುಗಿನ ಪುಟ್ಟಿ ಎಂದಮೇಲೆ ಎಲ್ಲರಿಗೂ ಅರ್ಥವಾಯಿತು!)

ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್, ಆನೆಗೊಂದಿಯ ಬಳಿ ಇವನ್ನು ಕಂಡು ಬರೆದಿದ್ದಾನೆ: ಒಳಗೆ ಬೆತ್ತ, ಹೊರಗೆ ಚರ್ಮ; 15-20 ಜನ, ಬೇಕಾದರೆ ಕುದುರೆ, ಎತ್ತುಗಳೂ ದಾಟುತ್ತಿದ್ದವು.

ಚರ್ಮ ಸದಾ ನೀರಲ್ಲಿದ್ದರೆ ಕೊಳೆಯುತ್ತದೆ. ದಡಕ್ಕೆಳೆದು, ಬೋರಲು ಹಾಕಿ ಒಣಗಿಸಬೇಕು. ಅಂಬಿಗರ ಈ ದಿನನಿತ್ಯದ ದುಡಿಮೆಯನ್ನು ಪಯಸ್ ಬರೆಯಲಿಲ್ಲ, ನಮ್ಮ ಪಠ್ಯಪುಸ್ತಕವೂ ಬರೆಯುವುದಿಲ್ಲ. ಈಗ ಚರ್ಮದ ಬದಲು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಡಾಂಬರು. ಬಂಡೆಗೆ ಉಜ್ಜಿ ಸುಲಿದ ಕಡೆ ಕೆಸರು ತೊಳೆದು, ಪೂರ್ತಿ ಒಣಗಿಸಿ ಮತ್ತೆ ಬಳಿಯಬೇಕು. ಹಸಿಯಿದ್ದರೆ ಡಾಂಬರು ಹಿಡಿಯದು, ನಡುಹೊಳೆಯಲ್ಲಿ ಎದ್ದುಬರುತ್ತದೆ.