ಮಹಿಳಾ ಹಕ್ಕುಗಳಿಗೆ ಅನುದಾನ: ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯಿಂದ ಕಂಡ ಚರಿತ್ರೆ

ಮಹಿಳಾ ಹಕ್ಕು ಮತ್ತು ಲಿಂಗ ಸಮಾನತೆಯ ಕೆಲಸಕ್ಕೆ ಸರ್ಕಾರಗಳು, ವಿಶ್ವಸಂಸ್ಥೆ ಹಾಗೂ ಖಾಸಗಿ ನಿಧಿಗಳು ಕೊಡುವ, ಮರಳಿ ಕಟ್ಟಬೇಕಿಲ್ಲದ ಹಣವೇ ಅನುದಾನ. ಸಾಲಕ್ಕೆ ಕಂತು ಇರುತ್ತದೆ, ಅನುದಾನಕ್ಕೆ ಇರುವುದಿಲ್ಲ. ಕಂತಿನ ಚಿಂತೆಯಿಲ್ಲದ ಈ ಹಣವೇ ಹೆಂಗಸರು ಕೂತು ಮಾತಾಡುವುದಕ್ಕೆ, ಜಗಳ ಬಿಡಿಸುವುದಕ್ಕೆ, ಅರ್ಜಿ ಹಿಡಿದು ಕಚೇರಿಗೆ ಹೋಗುವುದಕ್ಕೆ ಬೇಕಾದ ಪುರುಸೊತ್ತನ್ನು ಕೊಟ್ಟಿದೆ.

ಕಾಫಿ ತೋಟಗಳಿಗೆ ಹೆಸರಾದ ಚಿಕ್ಕಮಗಳೂರು ಜಿಲ್ಲೆಯಲ್ಲೇ ಇದ್ದರೂ ಕಡೂರು, ಅಜ್ಜಂಪುರಗಳದು ಮಳೆಯ ದಾರಿ ಕಾಯುವ ಬಯಲುಸೀಮೆಯ ಬದುಕು. ಪಕ್ಕದ ತರೀಕೆರೆ ಅರ್ಧ ಮಲೆನಾಡು. ಈ ಸೀಮೆಯ ಹಳ್ಳಿಗಳಲ್ಲಿ ‘ಸಂಘದ ದುಡ್ಡು’ ಮನೆಮಾತಾಗಲು ಮುಖ್ಯ ಕಾರಣ ರಾಜ್ಯ ಸರ್ಕಾರ 2000–01ರಲ್ಲಿ ಆರಂಭಿಸಿದ ಸ್ತ್ರೀಶಕ್ತಿ ಯೋಜನೆ. ಎಸ್.ಎಂ. ಕೃಷ್ಣ ಸಂಪುಟದಲ್ಲಿ ಆಗ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವೆಯಾಗಿದ್ದವರು ಇದೇ ಜಿಲ್ಲೆಯ ಮೂಡಿಗೆರೆಯ ಶಾಸಕಿ ಮೋಟಮ್ಮ.

ಯೋಜನೆಯ ರಚನೆ ಸರಳ. ಹದಿನೈದರಿಂದ ಇಪ್ಪತ್ತು ಹೆಂಗಸರು ಒಂದು ಗುಂಪು. ಅದನ್ನು ಕಟ್ಟಲು ನೆರವಾಗುವವಳು ಅಂಗನವಾಡಿ ಕಾರ್ಯಕರ್ತೆ. ವಾರಕ್ಕೊಮ್ಮೆ ಸಭೆ. ಬಂದವರ ಹಾಜರಿ, ಉಳಿತಾಯದ ಮೊತ್ತ, ಯಾರಿಗೆ ಎಷ್ಟು ಆಂತರಿಕ ಸಾಲ, ಯಾತಕ್ಕೆ ಎಂಬುದೆಲ್ಲ ನಡಾವಳಿ ಪುಸ್ತಕಕ್ಕೆ ಏರುತ್ತದೆ, ಕೆಳಗೆ ಸಹಿ ಇಲ್ಲವೇ ಹೆಬ್ಬೆಟ್ಟು ಬೀಳುತ್ತದೆ. ಗುಂಪಿನ ಪ್ರತಿನಿಧಿಗಳು ಬ್ಯಾಂಕಿಗೆ ಹೋಗಿ ಪಾಸ್‌ಬುಕ್ಕಿಗೆ ಲೆಕ್ಕ ಹಾಕಿಸಿಕೊಂಡು ಬರುತ್ತಾರೆ. ಸರ್ಕಾರ ಒಂದೊಂದು ಗುಂಪಿಗೆ ಕೊಟ್ಟ ಸುತ್ತುನಿಧಿ 5,000 ರೂಪಾಯಿ. ಹೆಚ್ಚು ಉಳಿಸಿದ ಗುಂಪುಗಳಿಗೆ ಪ್ರೋತ್ಸಾಹಧನವೂ ಸೇರಿತು. ಇಷ್ಟು ಸಣ್ಣ ಮೊತ್ತ ಇಷ್ಟು ದೂರ ಹಬ್ಬಿದ್ದು ಅಂಗನವಾಡಿ ಕಾರ್ಯಕರ್ತೆಯ ದುಡಿಮೆಯಿಂದ. ಅನುದಾನದ ಚರಿತ್ರೆಯಲ್ಲಿ ಅವಳಿಗೆ ಸಲ್ಲಬೇಕಾದ ಜಾಗ ಇನ್ನೂ ಸಂದಿಲ್ಲ.

ಇದಕ್ಕೆ ಹಿಂದಿನ ಕಥೆಯೂ ಇದೆ. 1953ರಲ್ಲಿ ದುರ್ಗಾಬಾಯಿ ದೇಶಮುಖ್ ಅಧ್ಯಕ್ಷತೆಯಲ್ಲಿ ಸ್ಥಾಪನೆಯಾದ ಕೇಂದ್ರ ಸಮಾಜ ಕಲ್ಯಾಣ ಮಂಡಳಿ, ಸ್ವಯಂಸೇವಾ ಸಂಸ್ಥೆಗಳಿಗೆ ಸಹಾಯಧನ ಹಂಚುವುದನ್ನೇ ಕಸುಬಾಗಿಸಿಕೊಂಡಿತ್ತು. ಮಹಿಳಾ ಮಂಡಳಗಳು, ಹೊಲಿಗೆ ತರಗತಿಗಳು, ಮುಂದೆ ಕೌಟುಂಬಿಕ ಸಲಹಾ ಕೇಂದ್ರಗಳು ಅದರ ನೆರಳಿನಲ್ಲಿ ಬೆಳೆದವು. ಆಗಿನ ಮಾತು ‘ಕಲ್ಯಾಣ’. ‘ಹಕ್ಕು’ ಎಂಬ ಮಾತು ಕಡತಗಳಿಗೆ ಬಂದದ್ದು ತಡವಾಗಿ. ಮಂಡಳಿಯನ್ನು 2022ರಲ್ಲಿ ಮುಚ್ಚಲಾಯಿತು.

ಹೊರಗಿನ ಲೋಕದಲ್ಲಿ ತಿರುವು ಬಂದದ್ದು 1975ರ ಮೆಕ್ಸಿಕೊ ನಗರದ ಮಹಿಳಾ ಸಮ್ಮೇಳನದಿಂದ. ಮರುವರ್ಷ ವಿಶ್ವಸಂಸ್ಥೆಯಲ್ಲಿ ಮಹಿಳಾ ದಶಕಕ್ಕಾಗಿ ಸ್ವಯಂಪ್ರೇರಿತ ದೇಣಿಗೆಯ ನಿಧಿ ಹುಟ್ಟಿತು. ಅದೇ ಮುಂದೆ ಯುನಿಫೆಮ್ ಆಗಿ, 2010ರಲ್ಲಿ ಯುಎನ್ ವಿಮೆನ್‌ನಲ್ಲಿ ಸೇರಿಹೋಯಿತು. 1983ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಮಾಮಾ ಕ್ಯಾಶ್, 1987ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಗ್ಲೋಬಲ್ ಫಂಡ್ ಫಾರ್ ವಿಮೆನ್: ಹೆಂಗಸರೇ ಕಟ್ಟಿ ಹೆಂಗಸರ ಸಂಘಟನೆಗಳಿಗೇ ಹಣ ಕೊಡುವ ನಿಧಿಗಳು ಹೀಗೆ ತಲೆಯೆತ್ತಿದವು.

ಕರ್ನಾಟಕದಲ್ಲಿ ಸರ್ಕಾರದ್ದೂ ಹೊರಗಿನದೂ ಆದ ಈ ಎರಡು ಧಾರೆಗಳು ಕೂಡಿದ್ದು ಮಹಿಳಾ ಸಮಖ್ಯಾ ಎಂಬ ಸರ್ಕಾರಿ ಕಾರ್ಯಕ್ರಮದಲ್ಲಿ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೆ, ನೆದರ್ಲೆಂಡ್ಸ್ ಸರ್ಕಾರದ ನೆರವಿನಿಂದ 1989ರಲ್ಲಿ ಕರ್ನಾಟಕ, ಗುಜರಾತ್, ಉತ್ತರ ಪ್ರದೇಶಗಳಲ್ಲಿ ಅದು ಶುರುವಾಯಿತು. ಇಲ್ಲಿಯ ಮೊದಲ ನಿರ್ದೇಶಕಿ ಶ್ರೀಲತಾ ಬಾಟ್ಲಿವಾಲಾ. ಮೊದಲ ಜಿಲ್ಲೆಗಳು ಬೀದರ್, ಬಿಜಾಪುರ, ಮೈಸೂರು. ಕಡೂರಿನ ಕಡೆಗೆ ಆ ಗಾಳಿ ಆಗ ಬೀಸಲಿಲ್ಲ. ಕಾರ್ಯಕ್ರಮವಿದ್ದ ಕಡೆ ಸುಮಾರು ಹತ್ತು ಹಳ್ಳಿಗೊಬ್ಬಳು ಸಹಯೋಗಿನಿ, ಅಂದರೆ ಕ್ಷೇತ್ರ ಕಾರ್ಯಕರ್ತೆ. ಇಷ್ಟು ಸಾಲ ಕೊಡಿಸಬೇಕು, ಇಷ್ಟು ಜನರನ್ನು ಸೇರಿಸಬೇಕು ಎಂಬ ಗುರಿ ಇಲ್ಲ. ಹೆಂಗಸರು ತಮ್ಮದೇ ಸೂರಿನಡಿ ಕೂರಲೆಂದು ‘ಸಂಘದ ಮನೆ’ ಕಟ್ಟಿಕೊಳ್ಳಲು ಹಣವಿತ್ತು. ಕೂಲಿಯ ದರ, ಗಂಡನ ಹೊಡೆತ, ಪಂಚಾಯಿತಿ ಚುನಾವಣೆ ಅಲ್ಲಿ ಚರ್ಚೆಗೆ ಬಂದವು. ಸರ್ಕಾರದ ಕಾರ್ಯಕ್ರಮವೊಂದು ಮಾತಿಗಾಗಿಯೇ ದುಡ್ಡು ಖರ್ಚು ಮಾಡಿದ್ದು ಅಪರೂಪ. ಬಹುಶಃ ಅದೇ ಅದರ ದೊಡ್ಡ ಸಾಧನೆ. ನಂತರ ಬ್ರಿಟನ್ ನೆರವು ನೀಡಿತು. ಅದೂ ನಿಂತ ಮೇಲೆ 2016ರ ಮಾರ್ಚ್‌ನಲ್ಲಿ ಕೇಂದ್ರ ತನ್ನ ಹಣ ನಿಲ್ಲಿಸಿ, ಕಾರ್ಯಕ್ರಮವನ್ನು ಗ್ರಾಮೀಣ ಜೀವನೋಪಾಯ ಅಭಿಯಾನದೊಳಗೆ ಸೇರಿಸಲು ಹೊರಟಿತು.

ಆ ಹೊತ್ತಿಗೆ ಉಳಿತಾಯ ಗುಂಪುಗಳ ಮೂಲಕ ಸಾಲ ಕೊಡುವ ಮಾದರಿ ಗೆದ್ದಾಗಿತ್ತು. ಅದರ ಬೇರೂ ಕರ್ನಾಟಕದ್ದೇ. 1980ರ ದಶಕದಲ್ಲಿ ದೊಡ್ಡ ಸಹಕಾರ ಸಂಘಗಳು ಒಡೆದು, ನಂಬಿಕೆಯುಳ್ಳವರು ಸಣ್ಣ ಗುಂಪುಗಳಾದದ್ದನ್ನು ಬೆಂಗಳೂರಿನ ಮೈರಾಡ ಸಂಸ್ಥೆ ಗಮನಿಸಿತು. 1987ರಲ್ಲಿ ನಬಾರ್ಡ್ ಆ ಪ್ರಯೋಗಕ್ಕೆ 10 ಲಕ್ಷ ರೂಪಾಯಿ ಅನುದಾನ ಕೊಟ್ಟಿತು. 1992ರಲ್ಲಿ 500 ಗುಂಪುಗಳಿಗೆ ಬ್ಯಾಂಕ್ ಜೋಡಣೆಯ ಗುರಿಯಿಟ್ಟು ಹೊಸ ಯೋಜನೆ ಆರಂಭವಾಯಿತು. ಸ್ತ್ರೀಶಕ್ತಿ ಗುಂಪುಗಳೂ, 2011ರ ನಂತರ ಜೀವನೋಪಾಯ ಅಭಿಯಾನದಡಿ ಬಂದ ‘ಸಂಜೀವಿನಿ’ ಒಕ್ಕೂಟಗಳೂ ಈ ಜಾಡಿನಲ್ಲೇ ನಡೆದವು. ಬಡ್ಡಿ ವ್ಯಾಪಾರಿಯ ಹಿಡಿತ ಸಡಿಲಿಸಿದ್ದು ಇವುಗಳ ನಿಜವಾದ ಉಪಕಾರ. ಆದರೆ ಸಭೆಯ ಹೊತ್ತೆಲ್ಲ ಕಂತಿನ ಲೆಕ್ಕಕ್ಕೇ ಹೋದರೆ ಹೊಡೆತ ತಿಂದವಳ ಮಾತು ಎತ್ತುವವರಾರು? ಆ ಕೆಲಸಕ್ಕೆಂದು ಸರ್ಕಾರ ಬೇರೆಯದೇ ‘ಸಾಂತ್ವನ’ ಯೋಜನೆ ಮಾಡಿ, ಸ್ವಯಂಸೇವಾ ಸಂಸ್ಥೆಗಳಿಗೆ ಅನುದಾನ ಕೊಟ್ಟು ಸಹಾಯವಾಣಿ ಕೇಂದ್ರಗಳನ್ನು ನಡೆಸಬೇಕಾಯಿತು.

ಮಹಿಳಾ ಸಮಖ್ಯಾದ ಮೊದಲ ನಿರ್ದೇಶಕಿ ಬಾಟ್ಲಿವಾಲಾ ಮುಂದೆ ಅವಿಡ್ ಎಂಬ ಅಂತಾರಾಷ್ಟ್ರೀಯ ವೇದಿಕೆಯ ಜೊತೆ ಕೆಲಸ ಮಾಡಿದರು. ಮಹಿಳಾ ಹಕ್ಕುಗಳ ಹಣ ಎಲ್ಲಿದೆ ಎಂದು ಹುಡುಕುವ ಅಧ್ಯಯನಗಳನ್ನು 2005ರ ಸುಮಾರಿಗೆ ಕೈಗೊಂಡದ್ದು ಅದೇ ವೇದಿಕೆ. ಶ್ರೀಮಂತ ದೇಶಗಳ ಅಭಿವೃದ್ಧಿ ನೆರವಿನಲ್ಲಿ ಮಹಿಳಾ ಹಕ್ಕು ಸಂಘಟನೆಗಳಿಗೆ ಸೇರುವುದು ನೂರಕ್ಕೆ ಒಂದು ಪಾಲಿಗಿಂತಲೂ ಕಡಿಮೆ.

ಆ ಪಾಲು ತಾಲೂಕು ಮಟ್ಟಕ್ಕೆ ಇಳಿಯುವ ದಾರಿಯೂ ಭಾರತದಲ್ಲಿ ಕಿರಿದಾಗಿದೆ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ 2020ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ದೇಣಿಗೆ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಆಡಳಿತ ವೆಚ್ಚ ಶೇ. 20 ಮೀರುವಂತಿಲ್ಲ. ಬೆಂಗಳೂರಿನ ಸಂಸ್ಥೆ ತಾನು ಪಡೆದ ವಿದೇಶಿ ಹಣದಲ್ಲಿ ಕಡೂರಿನದೋ ಅಜ್ಜಂಪುರದದೋ ಒಂದು ಸಂಘಕ್ಕೆ ಪಾಲು ಕೊಡುವ ಬಾಗಿಲು ಹೀಗೆ ಮುಚ್ಚಿತು. ಆ ಸಂಘ ತಾನೇ ನೋಂದಣಿ ಪಡೆಯಬೇಕೆಂದರೆ, ಅದೇ ವರ್ಷದ ನಿಯಮಗಳಂತೆ, ಹಿಂದಿನ ಮೂರು ವರ್ಷಗಳಲ್ಲಿ ತನ್ನ ಮೂಲ ಚಟುವಟಿಕೆಗೆ ಕನಿಷ್ಠ 15 ಲಕ್ಷ ರೂಪಾಯಿ ವೆಚ್ಚ ಮಾಡಿದ್ದನ್ನು ತೋರಿಸಬೇಕು.