ಸ್ವಿಫ್ಟ್ ಇಟ್ಟಿಗೆ

ಬಾನಾಡಿ ಹಕ್ಕಿಗಳು ಗೂಡು ಮಾಡಲೆಂದು ಕಟ್ಟಡದ ಗೋಡೆಯೊಳಗೇ ಸೇರಿಸಿ ಕಟ್ಟುವ ಟೊಳ್ಳು ಇಟ್ಟಿಗೆ. ಬ್ರಿಟನ್ನಿನಲ್ಲಿ ಇದರ ಬಳಕೆ ಹೆಚ್ಚು. ಅಲ್ಲಿನ ಸಾಮಾನ್ಯ ಬಾನಾಡಿ (ಸ್ವಿಫ್ಟ್) ಸುಮಾರು 40 ಗ್ರಾಂ ತೂಗುವ ಹಕ್ಕಿ. ವರ್ಷದ ಹೆಚ್ಚು ಕಾಲ ಹಾರಾಟದಲ್ಲೇ ಕಳೆದು, ಮರಿ ಮಾಡಲು ಮಾತ್ರ ನೆಲೆ ಹಿಡಿಯುತ್ತದೆ. ಕರ್ನಾಟಕದ ಹಳೆಯ ಕಟ್ಟಡಗಳಲ್ಲಿ ಗೂಡು ಕಟ್ಟುವ ಮನೆ ಬಾನಾಡಿ ಇದರ ಹತ್ತಿರದ ಬಂಧು.

ಮೇ ತಿಂಗಳಲ್ಲಿ ಆಫ್ರಿಕಾದಿಂದ ಬ್ರಿಟನ್ನಿಗೆ ಬರುವ ಸ್ವಿಫ್ಟ್ ಜೋಡಿ ಹಿಂದಿನ ವರ್ಷದ ಸಂದಿಗೇ ಮರಳುತ್ತದೆ. ಗಾಳಿಯಲ್ಲಿ ತೇಲುವ ಪುಕ್ಕ, ಹುಲ್ಲಿನೆಳೆಗಳನ್ನು ಹಾರುತ್ತಲೇ ಹಿಡಿದು, ಜೊಲ್ಲಿನಿಂದ ಅಂಟಿಸಿ ತೆಳುವಾದ ಬಟ್ಟಲು ಮಾಡುತ್ತದೆ. ಹಳೆಯ ಮನೆಗಳ ಸೂರಿನ ಬಿರುಕುಗಳು ಇದಕ್ಕೆ ಸಾಕಾಗುತ್ತಿದ್ದವು. ದುರಸ್ತಿ, ಶಾಖರಕ್ಷಣೆಯ ಹೊದಿಕೆ, ಸಂದಿಲ್ಲದ ಹೊಸ ಗೋಡೆಗಳು ಆ ಜಾಗಗಳನ್ನು ಕಸಿದುಕೊಂಡಿವೆ. ಅಲ್ಲಿನ 1981ರ ವನ್ಯಜೀವಿ ಕಾನೂನು ಬಳಕೆಯಲ್ಲಿರುವ ಗೂಡನ್ನಷ್ಟೇ ಕಾಯುತ್ತದೆ. ಆಗಸ್ಟ್‌ನಲ್ಲಿ ಹಕ್ಕಿ ಹೊರಟ ಮೇಲೆ ಗಾರೆ ಮೆತ್ತಿದರೆ ತಡೆಯುವುದು ಕಷ್ಟ. ಕಾನೂನಿನ ದೊಡ್ಡ ಕೊರತೆ ಇದೇ. ಮರುವರ್ಷ ಮರಳಿದ ಹಕ್ಕಿ ಮುಚ್ಚಿದ ಗೋಡೆಗೆ ಮತ್ತೆ ಮತ್ತೆ ಬಂದು ಬಡಿಯುತ್ತದೆ. ಕೀಟಗಳ ಇಳಿಕೆಯೂ ಸೇರಿ ಸಂಖ್ಯೆ ಕುಸಿದು, 2021ರಲ್ಲಿ ಈ ಹಕ್ಕಿ ಹೆಚ್ಚು ಕಾಳಜಿ ಬೇಕಾದ ಹಕ್ಕಿಗಳ ಬ್ರಿಟನ್ನಿನ ಕೆಂಪು ಪಟ್ಟಿ ಸೇರಿತು.

ಕಳೆದುಹೋದ ಸಂದಿಗಳ ಜಾಗ ತುಂಬುವ ಈ ಇಟ್ಟಿಗೆಯ ಮುಖದಲ್ಲಿ ಸುಮಾರು 3 ಸೆಂ.ಮೀ. ಎತ್ತರದ ಕಿರುಗಂಡಿ, ಒಳಗೆ ಗೂಡಿಗೆ ಸಾಕಾಗುವ ಪೊಳ್ಳು. ನೆಲದಿಂದ ಸುಮಾರು 5 ಮೀಟರ್ ಮೇಲೆ, ಬಿಸಿಲು ನೇರ ಬೀಳದ ಕಡೆ, ಕೆಳಗೆ ಅಡೆತಡೆಯಿಲ್ಲದಂತೆ ಕೂರಿಸುತ್ತಾರೆ. ಗುಬ್ಬಚ್ಚಿಗಳೂ ಇದರಲ್ಲಿ ನೆಲೆಸುತ್ತವೆ. ಬ್ರೈಟನ್ ನಗರಾಡಳಿತ 2020ರಲ್ಲಿ 5 ಮೀಟರ್‌ಗಿಂತ ಎತ್ತರದ ಹೊಸ ಕಟ್ಟಡಗಳ ಪರವಾನಗಿಗೆ ಇದನ್ನು ಷರತ್ತಾಗಿಸಿತು. ಹೊಸ ಮನೆಗಳಲ್ಲಿ ಇದನ್ನು ಕಡ್ಡಾಯ ಮಾಡಬೇಕೆಂಬ, ಲಕ್ಷಕ್ಕೂ ಹೆಚ್ಚು ಸಹಿಗಳ ಮನವಿಯ ಮೇರೆಗೆ 2023ರ ಜುಲೈನಲ್ಲಿ ಸಂಸತ್ತಿನಲ್ಲೂ ಚರ್ಚೆ ನಡೆಯಿತು.